ತೊಗರಿಕಾಯಿ ಆಕಾರದ ದೊಡ್ಡ ಪಾತ್ರೆಯ ಮೇಣದಬತ್ತಿ: ಬತ್ತಿ ಎಷ್ಟು, ಎಂಥವು, ಎಲ್ಲಿ?

ದೀಪದಮನೆ, ಕಲಬುರಗಿ
ಎಲ್ಲರಿಗೂ ಶರಣು. ಒಂದೂವರೆ ವರ್ಷದಿಂದ ಮನೆಯಲ್ಲಿಯೇ ಸೋಯಾ ಮೇಣದಿಂದ ಗಾಜಿನ ಲೋಟದ ಮೇಣದಬತ್ತಿಗಳನ್ನು ಮಾಡುತ್ತಿದ್ದೇನೆ. 7 ಸೆಂಟಿಮೀಟರ್ ಅಗಲದ ಲೋಟ, ನಡುವೆ ಒಂದೇ ಬತ್ತಿ. ಅಷ್ಟರ ಮಟ್ಟಿಗೆ ಕೈ ಕುದುರಿದೆ. ಈಗ ಕುಂಬಾರಿಕೆ ಕಲಿಯುತ್ತಿರುವ ನನ್ನ ತಮ್ಮ ನಮ್ಮ ಸೀಮೆಯ ಬೆಳೆಯ ನೆನಪಿಗೆಂದು ತೊಗರಿಕಾಯಿಯ ಆಕಾರದಲ್ಲಿ ಒಂದು ದೊಡ್ಡ ಸ್ಟೋನ್‌ವೇರ್ (ಹೆಚ್ಚು ಶಾಖದಲ್ಲಿ ಸುಟ್ಟ ಗಟ್ಟಿ ಮಣ್ಣಿನ) ಪಾತ್ರೆಯನ್ನು ಮಾಡಿ ಕೊಟ್ಟಿದ್ದಾನೆ. ಉದ್ದ 44 ಸೆಂಟಿಮೀಟರ್, ಆಳ 7. ಕಾಯೊಳಗೆ ಕಾಳು ಉಬ್ಬಿ ನಿಂತಂತೆ ಐದು ಉಬ್ಬುಗಳಿದ್ದು, ನಡುವಿನದು 11 ಸೆಂಟಿಮೀಟರ್ ಅಗಲ, ಅದರ ಆಚೀಚಿನವು ಒಂಬತ್ತೂವರೆ, ತುದಿಯವು ಏಳೂವರೆ. ಉಬ್ಬು ಉಬ್ಬಿನ ನಡುವೆ ಪಾತ್ರೆ ಏಳು ಸೆಂಟಿಮೀಟರಿನಷ್ಟು ಕಿರಿದಾಗುತ್ತದೆ, ಎರಡೂ ತುದಿಗಳು ಚೂಪಾಗಿವೆ. ಗೋಡೆಗಳು ಕೆಳಗಿಳಿದಂತೆ ಒಳಕ್ಕೆ ಬಾಗಿವೆ.

ಲೋಟಕ್ಕೆ ಬಳಸುವ ಬತ್ತಿಗಳಲ್ಲಿಯೇ ಮೂರನ್ನು ಸಮಾನ ಅಂತರದಲ್ಲಿ ನಿಲ್ಲಿಸಿ ಮೊದಲ ಸಲ ಎರಕ ಹೊಯ್ದೆ. ಮೂರು ಗಂಟೆ ಉರಿದ ಮೇಲೆ ಪ್ರತಿ ಬತ್ತಿಯ ಸುತ್ತ ಬೋಗುಣಿಯಂತೆ ತಗ್ಗು ಬಿದ್ದು, ಉಬ್ಬುಗಳ ಅಂಚಿನಲ್ಲಿ ಮೇಣ ಕಲ್ಲಿನಂತೆ ಗಟ್ಟಿಯಾಗಿಯೇ ಉಳಿಯಿತು. ಎರಡನೆಯ ದಿನ ಹಚ್ಚಿದಾಗ ನಡುವಿನ ಬತ್ತಿ ಕರಗಿದ ಮೇಣದಲ್ಲಿ ಮುಳುಗಿ ಆರಿತು. ಹೆಚ್ಚು ದಪ್ಪದ ಬತ್ತಿ ಹಾಕಬೇಕೋ, ಹೆಚ್ಚು ಸಂಖ್ಯೆಯಲ್ಲಿ ಹಾಕಬೇಕೋ, ಹಾಕುವುದಾದರೆ ಎಲ್ಲಿ ನಿಲ್ಲಿಸಬೇಕು? ದೇವರ ದೀಪದ ಹತ್ತಿಯಿಂದ ಬತ್ತಿ ಹೊಸೆದರೆ ಯಾಕಾಗದು ಎಂದು ಅತ್ತೆಯವರು ಕೇಳುತ್ತಿದ್ದಾರೆ. ಅದಕ್ಕೂ ಉತ್ತರ ಬೇಕು.

ಆಳಂದದ ಮಗಳು
ಅಕ್ಕಾ, ಪಾತ್ರೆಯ ಕಲ್ಪನೆಯೇ ಎಷ್ಟು ಚೆಂದವಿದೆ. ನನಗೆ ತೋಚುವುದು ಒಂದೇ: ಸಿಗುವುದರಲ್ಲಿ ಎಲ್ಲಕ್ಕಿಂತ ದಪ್ಪನೆಯ ಬತ್ತಿಯನ್ನು ಎರಡು ಕಡೆ ಹಾಕಿಬಿಡಿ, ಬೆಂಕಿ ದೊಡ್ಡದಾದರೆ ಮೇಣ ತಾನಾಗಿಯೇ ಅಂಚಿನವರೆಗೆ ಕರಗುತ್ತದೆ.

ಹಳೆಯ ಎರಕ, ಬೀದರ್
ತಂಗಿ, ದಯವಿಟ್ಟು ಹಾಗೆ ಮಾಡಿಸಬೇಡಿ. ಬತ್ತಿ ಅತಿಯಾಗಿ ದಪ್ಪವಾದರೆ ಸುತ್ತಲಿನ ಮೇಣ ಕರಗುವುದಕ್ಕಿಂತ ಮೊದಲು ಜ್ವಾಲೆ ಎತ್ತರಕ್ಕೆ ಏಳುತ್ತದೆ, ಉರಿಯಲಾಗದ ಇಂಗಾಲ ಮಸಿಯಾಗಿ ಗೋಡೆಗೆ ಮೆತ್ತುತ್ತದೆ, ಬತ್ತಿಯ ತುದಿಯಲ್ಲಿ ಅಣಬೆಯಂತೆ ಕಿಟ್ಟ ಕಟ್ಟುತ್ತದೆ. ಒಂದು ಬತ್ತಿಯಿಂದ ನೆಮ್ಮದಿಯಾಗಿ ಕರಗಿಸಬಹುದಾದ ಅಗಲ ಸುಮಾರು 8ರಿಂದ 9 ಸೆಂಟಿಮೀಟರ್. ಅದಕ್ಕಿಂತ ಅಗಲವಾದ ಪಾತ್ರೆಗೆ ದಪ್ಪವನ್ನಲ್ಲ, ಸಂಖ್ಯೆಯನ್ನು ಹೆಚ್ಚಿಸಬೇಕು.

ಈ ಪಾತ್ರೆಯ ಒಟ್ಟು ಗಾತ್ರವನ್ನು ಮನಸ್ಸಿನಿಂದ ತೆಗೆದುಹಾಕಿ. ಎಷ್ಟು ಮೇಣ ಹಿಡಿಯುತ್ತದೆ ಎಂಬುದು ಎಷ್ಟು ದಿನ ಉರಿಯುತ್ತದೆ ಎಂಬುದನ್ನು ಹೇಳುತ್ತದೆಯೇ ಹೊರತು ಯಾವ ಬತ್ತಿ ಎಂಬುದನ್ನು ಹೇಳುವುದಿಲ್ಲ. ಬತ್ತಿಯನ್ನು ನಿರ್ಧರಿಸುವುದು, ಅದು ನಿಂತ ಜಾಗದಿಂದ ಸುತ್ತಲಿನ ಗೋಡೆಯವರೆಗೆ ಮತ್ತು ಪಕ್ಕದ ಬತ್ತಿಯ ಪಾಲಿನ ಗಡಿಯವರೆಗೆ ಇರುವ ದೂರ. ನಿಮ್ಮ ತಮ್ಮ ಆ ಗಡಿಗಳನ್ನು ಮಣ್ಣಿನಲ್ಲಿಯೇ ಗೆರೆ ಎಳೆದು ಕೊಟ್ಟಿದ್ದಾರೆ. ಐದು ಉಬ್ಬು, ಐದು ಬತ್ತಿ. ಒಂದೊಂದು ಉಬ್ಬನ್ನೂ ಒಂದೊಂದು ಸಣ್ಣ ಲೋಟವೆಂದು ಎಣಿಸಿ, ಅದರ ಅಗಲಕ್ಕೆ ತಕ್ಕ ಬತ್ತಿಯನ್ನು ಆರಿಸಿ, ಆಮೇಲೆ ಎಲ್ಲವನ್ನೂ ಒಂದು ಅಳತೆ ಕೆಳಗಿಳಿಸಿ. ಯಾಕೆಂದರೆ ಪಕ್ಕದ ಜ್ವಾಲೆಯ ಶಾಖವೂ ಇದಕ್ಕೆ ಬಂದು ಸೇರುತ್ತದೆ.

ಗಂಜ್ ಬಳಿಯ ನೆರೆಯವ, ಕಲಬುರಗಿ
ನನ್ನ ಅಭಿಪ್ರಾಯ ಬೇರೆ. ಉಬ್ಬಿನ ನಡುವೆ ಐದು ಹಾಕುವ ಬದಲು, ಕಿರಿದಾದ ಸೊಂಟಗಳಲ್ಲಿ ನಾಲ್ಕು ಹಾಕಿದರೆ ಒಂದೊಂದು ಬತ್ತಿಯೂ ತನ್ನ ಎಡಬಲದ ಎರಡು ಉಬ್ಬುಗಳನ್ನು ಕರಗಿಸುತ್ತದೆ. ಒಂದು ಬತ್ತಿಯೂ ಉಳಿಯುತ್ತದೆ.

ಭೌತಶಾಸ್ತ್ರದ ಮೇಷ್ಟ್ರು, ಸೇಡಂ
ಅಣ್ಣಾವರೇ, ಕಾಗದದ ಮೇಲೆ ಅದು ಸರಿಯೆನಿಸುತ್ತದೆ, ಆದರೆ ಸೊಂಟದ ಅಗಲ ಏಳೇ ಸೆಂಟಿಮೀಟರ್, ಅದೂ ಬಾಯಿಯ ಹತ್ತಿರ. ಗೋಡೆ ಒಳಕ್ಕೆ ಬಾಗಿರುವುದರಿಂದ ಮೇಣ ಅರ್ಧಕ್ಕೆ ಇಳಿಯುವಷ್ಟರಲ್ಲಿ ಆ ಅಗಲ ಐದಕ್ಕೆ ಬಂದಿರುತ್ತದೆ. ಆಗ ಜ್ವಾಲೆಯಿಂದ ಗೋಡೆಗೆ ಎರಡೂವರೆ ಸೆಂಟಿಮೀಟರ್ ಮಾತ್ರ. ಆ ಏಣು ಒಂದೇ ಸಮನೆ ಕಾಯುತ್ತದೆ, ಪಕ್ಕದ ಉಬ್ಬಿನ ಗೋಡೆ ತಣ್ಣಗೇ ಇರುತ್ತದೆ. ಒಂದೇ ಪಾತ್ರೆಯ ಒಂದು ಭಾಗ ಹಿಗ್ಗಿ ಇನ್ನೊಂದು ಭಾಗ ಹಿಗ್ಗದೆ ಉಳಿದರೆ ಸೀಳು ಬಿಡುವುದು ಅಲ್ಲಿಯೇ. ಐದು ಉಬ್ಬಿನ ನಡುವೆ ಐದು ಎಂದ ಬೀದರಿನ ಹಿರಿಯರ ಮಾತಿಗೆ ನನ್ನ ಸಹಮತವಿದೆ.

ಈ ಒಳಬಾಗಿನ ಬಗ್ಗೆ ಇನ್ನೊಂದು ಮಾತನ್ನು ಹೇಳಲೇಬೇಕು, ಏಕೆಂದರೆ ಹೊಸಬರು ಎಡವುವುದು ಇಲ್ಲಿಯೇ. ನೇರ ಗೋಡೆಯ ಲೋಟದಲ್ಲಿ ಮೊದಲ ದಿನದ ಅಗಲವೂ ಕೊನೆಯ ದಿನದ ಅಗಲವೂ ಒಂದೇ. ಇಲ್ಲಿ ಹಾಗಲ್ಲ. ಮೇಲ್ಭಾಗದ 11 ಸೆಂಟಿಮೀಟರನ್ನು ಪೂರ್ತಿ ಕರಗಿಸುವ ಬತ್ತಿಯನ್ನು ಹುಡುಕಿ ಹಾಕಿದರೆ, ಅದೇ ಬತ್ತಿ ತಳದ ಹತ್ತಿರ ಆರೇ ಸೆಂಟಿಮೀಟರ್ ಅಗಲದ ಜಾಗದಲ್ಲಿ, ಸುತ್ತ ಎತ್ತರದ ಗೋಡೆಗಳ ನಡುವೆ, ಶಾಖ ಹೊರಹೋಗಲು ದಾರಿಯಿಲ್ಲದೆ ಉರಿಯಬೇಕಾಗುತ್ತದೆ. ಆದ್ದರಿಂದ ಇಂಥ ಪಾತ್ರೆಗೆ ಬತ್ತಿಯನ್ನು ಆರಿಸುವಾಗ ಬಾಯಿಯ ಅಗಲವನ್ನಲ್ಲ, ನಡುಮಟ್ಟದ ಅಗಲವನ್ನು ಲೆಕ್ಕಕ್ಕೆ ಹಿಡಿಯಬೇಕು. ಮೊದಲ ಎರಡು ದಿನ ಅಂಚಿನಲ್ಲಿ ಸ್ವಲ್ಪ ಮೇಣ ಉಳಿದರೆ ಗಾಬರಿಪಡಬೇಡಿ. ಮಟ್ಟ ಇಳಿದು ಗೋಡೆ ಬೆಚ್ಚಗಾದಂತೆ ಅದು ಜಾರಿ ಕರಗುತ್ತದೆ.

ದೀಪದಮನೆ, ಕಲಬುರಗಿ
ಗುರುಗಳೇ, ನಡುಮಟ್ಟದ ಅಗಲ ಎಂಬ ಮಾತು ನನಗೆ ಹೊಳೆದೇ ಇರಲಿಲ್ಲ. ಈಗಷ್ಟೇ ಅಳೆದೆ. ಮೂರೂವರೆ ಸೆಂಟಿಮೀಟರ್ ಆಳದಲ್ಲಿ ನಡುವಿನ ಉಬ್ಬು 9, ಆಚೀಚಿನವು ಎಂಟು, ತುದಿಯವು ಆರು. ಹಾಗಾದರೆ ನನ್ನ ಲೋಟದ ಬತ್ತಿ ಆಚೀಚಿನ ಉಬ್ಬುಗಳಿಗೆ ಹೆಚ್ಚುಕಡಿಮೆ ಸರಿಯಾದದ್ದೇ. ಜಾಗ ಮತ್ತು ಸಂಖ್ಯೆಯಲ್ಲಿ ನಾನು ತಪ್ಪಿದ್ದೆ.

ಮಂಗಲಪೇಟೆಯ ಹವ್ಯಾಸಿ, ಬೀದರ್
ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಪಾತ್ರೆಯ ಒಳಭಾಗಕ್ಕೆ ಗ್ಲೇಜ್, ಅಂದರೆ ಗಾಜಿನಂಥ ಹೊಳಪಿನ ಲೇಪ, ಇದೆಯೇ?

ದೀಪದಮನೆ, ಕಲಬುರಗಿ
ಒಳಗೆ ಪೂರ್ತಿ ಇದೆ. ಬಾಯಿಯ ಅಂಚಿನ ಮೇಲೆ ಮತ್ತು ಹೊರಗೆ ಇಲ್ಲ. ಮಣ್ಣಿನ ಬಣ್ಣವೇ ಕಾಣಲಿ ಎಂದು ತಮ್ಮ ಹಾಗೆ ಬಿಟ್ಟಿದ್ದಾನೆ.

ಮಂಗಲಪೇಟೆಯ ಹವ್ಯಾಸಿ, ಬೀದರ್
ಹಾಗಿದ್ದರೆ ಅಂಚಿನಿಂದ ಒಂದೂವರೆ ಸೆಂಟಿಮೀಟರ್ ಕೆಳಗೆಯೇ ಮೇಣವನ್ನು ನಿಲ್ಲಿಸಿ. ಗ್ಲೇಜ್ ಇಲ್ಲದ ಮಣ್ಣು ಕರಗಿದ ಮೇಣವನ್ನು ಹೀರುತ್ತದೆ. ಹೀರಿದ ಮಣ್ಣಿನ ಅಂಚಿಗೆ ಜ್ವಾಲೆ ತಗುಲಿದರೆ ಪಾತ್ರೆಯೇ ಬತ್ತಿಯಾಗಿ ಉರಿಯಲು ಶುರುಮಾಡುತ್ತದೆ. ಇದು ಕೇಳಿದ ಮಾತಲ್ಲ. ಐದು ವರ್ಷದ ಹಿಂದೆ ಕ್ರಿಸ್‌ಮಸ್ ಹೊತ್ತಿಗೆ ಹೂಕುಂಡದಲ್ಲಿ ಮೇಣ ಹೊಯ್ದು ಹಚ್ಚಿದ್ದೆ. ಎರಡನೆಯ ಗಂಟೆಗೆ ಅಂಚಿನ ಸುತ್ತ ಬೆಂಕಿ ಉಂಗುರದಂತೆ ಎದ್ದಿತು. ಮೇಲೆ ಕಬ್ಬಿಣದ ಹಂಚನ್ನು ಕವುಚಿ ಆರಿಸಬೇಕಾಯಿತು. ಮಕ್ಕಳು ಅದೇ ಕೋಣೆಯಲ್ಲಿದ್ದರು. ಆ ಸಂಜೆ ನನಗೆ ಇನ್ನೂ ಮರೆತಿಲ್ಲ.

ಚಿತ್ತಾಪುರ ರೈತ
ಅಷ್ಟು ಹೆದರಿಸುವ ಅಗತ್ಯವಿದೆಯೇ? ದೀಪಾವಳಿಗೆ ನಾವು ಹಚ್ಚುವ ಹಣತೆಯೂ ಗ್ಲೇಜ್ ಇಲ್ಲದ ಮಣ್ಣೇ. ತಲೆತಲಾಂತರದಿಂದ ಹಚ್ಚುತ್ತಿದ್ದೇವೆ, ಯಾವ ಹಣತೆಯೂ ಹೊತ್ತಿ ಉರಿದಿಲ್ಲ.

ಮಂಗಲಪೇಟೆಯ ಹವ್ಯಾಸಿ, ಬೀದರ್
ಅಣ್ಣಾವರೇ, ಹಣತೆಯೂ ಎಣ್ಣೆ ಕುಡಿಯುತ್ತದೆ; ಅದಕ್ಕೇ ಅಲ್ಲವೇ ನಮ್ಮ ಮನೆಗಳಲ್ಲಿ ಹೊಸ ಹಣತೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ ಆಮೇಲೆ ಎಣ್ಣೆ ಹಾಕುವುದು, ಮತ್ತು ಮರುದಿನ ಕಟ್ಟೆಯ ಮೇಲೆ ದುಂಡನೆಯ ಜಿಡ್ಡಿನ ಕಲೆ ಉಳಿಯುವುದು. ಹಣತೆಯಲ್ಲಿ ಇರುವುದು ಒಂದೆರಡು ಚಮಚ ಎಣ್ಣೆ ಮತ್ತು ಒಂದು ಸಣ್ಣ ಕುಡಿ. ಈ ಪಾತ್ರೆಯಲ್ಲಿ ಒಂದೂವರೆ ಕಿಲೋ ಹತ್ತಿರ ಮೇಣ, ಐದು ಜ್ವಾಲೆ, ಗಂಟೆಗಟ್ಟಲೆ ಉರಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಚಿತ್ತಾಪುರ ರೈತ
ಪ್ರಮಾಣದ ಮಾತು ಒಪ್ಪಬೇಕಾದದ್ದೇ. ಒಪ್ಪಿದೆ.

ಹಳೆಯ ಎರಕ, ಬೀದರ್
ಗ್ಲೇಜ್ ಇದ್ದರೂ ಕೂದಲೆಳೆಯ ಬಿರುಕುಗಳಿರಬಹುದು. ಒಂದು ರಾತ್ರಿ ಪಾತ್ರೆಯ ತುಂಬ ನೀರು ಹಾಕಿ ಪತ್ರಿಕೆಯ ಕಾಗದದ ಮೇಲೆ ಇಟ್ಟು ನೋಡಿ. ಬೆಳಿಗ್ಗೆ ಕಾಗದ ಒದ್ದೆಯಾಗಿದ್ದರೆ ಅಥವಾ ಹೊರಮೈ ಬಣ್ಣ ಗಾಢವಾಗಿದ್ದರೆ ಆ ಪಾತ್ರೆ ಮೇಣಕ್ಕೆ ಬೇಡ, ಒಳಗೆ ಗಾಜಿನ ಬಟ್ಟಲುಗಳನ್ನಿಟ್ಟು ಬಳಸಿ. ಅದೇ ನೀರನ್ನು ಅಳೆದರೆ ಮೇಣದ ಲೆಕ್ಕವೂ ಸಿಗುತ್ತದೆ: ನೀರು ಎಷ್ಟು ಮಿಲಿಲೀಟರ್ ಇದೆಯೋ ಅದರ ಹತ್ತರಲ್ಲಿ ಒಂಬತ್ತು ಪಾಲು ಗ್ರಾಂ ಮೇಣ.

ಅರಳೆ ಅಂಗಡಿ, ಯಾದಗಿರಿ
ಅತ್ತೆಯವರ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ನಮ್ಮ ಜಿಲ್ಲೆಯಲ್ಲಿ ಇಷ್ಟೊಂದು ಹತ್ತಿ ಬೆಳೆಯುವಾಗ ಬತ್ತಿಯನ್ನು ಹೊರಗಿನಿಂದ ತರಿಸುವುದು ನನಗೂ ಬೇಸರದ ಸಂಗತಿಯೇ. ನಾನೇ ಎರಡು ತಿಂಗಳು ಪ್ರಯತ್ನಿಸಿದ್ದೇನೆ. ಅರಳೆಯನ್ನು ಹೊಸೆದು ಮಾಡಿದ ಉದ್ದನೆಯ ಬತ್ತಿಯನ್ನು ಮೇಣದಲ್ಲಿ ಅದ್ದಿ ನಿಲ್ಲಿಸಿದರೆ ಹತ್ತು ನಿಮಿಷ ಚೆನ್ನಾಗಿ ಉರಿಯುತ್ತದೆ, ಆಮೇಲೆ ಬುಡದ ಮೇಣ ಕರಗಿದ ಕೂಡಲೇ ಬಾಗಿ ಮಡುವಿನಲ್ಲಿ ಮಲಗುತ್ತದೆ. ಹಣತೆಯಲ್ಲಿ ಬತ್ತಿಗೆ ಅಂಚಿನ ಆಸರೆ ಇದೆ, ಅದು ಮಲಗಿಯೇ ಉರಿಯಬೇಕು. ಇಲ್ಲಿ ಅದು ಯಾರ ಆಸರೆಯೂ ಇಲ್ಲದೆ ನೆಟ್ಟಗೆ ನಿಲ್ಲಬೇಕು. ಗಾಣದ ಎಣ್ಣೆಯ ದೀಪಕ್ಕೆ ಒಪ್ಪುವ ಬತ್ತಿ ಮೇಣಕ್ಕೆ ಒಪ್ಪುವುದಿಲ್ಲ.

ಭೌತಶಾಸ್ತ್ರದ ಮೇಷ್ಟ್ರು, ಸೇಡಂ
ಇದಕ್ಕೆ ಒಂದು ಒಳ್ಳೆಯ ಚರಿತ್ರೆಯೇ ಇದೆ. ಹಿಂದೆ ಯುರೋಪಿನಲ್ಲಿಯೂ ಬತ್ತಿಯನ್ನು ಹೊಸೆದೇ ಮಾಡುತ್ತಿದ್ದರು. ಸುಟ್ಟ ತುದಿ ಜ್ವಾಲೆಯ ನಡುವೆಯೇ ಉಳಿದು ಉದ್ದವಾಗುತ್ತಾ, ಮಸಿ ಉಗುಳುತ್ತಾ ಇದ್ದುದರಿಂದ ಮತ್ತೆ ಮತ್ತೆ ಕತ್ತರಿಯಿಂದ ಕತ್ತರಿಸಬೇಕಾಗಿತ್ತು. 1825ರಲ್ಲಿ ಫ್ರಾನ್ಸಿನ ಕಾಂಬಾಸೆರೆ ಎಂಬಾತ ನೂಲನ್ನು ಜಡೆಯಂತೆ ಹೆಣೆದ ಬತ್ತಿಯನ್ನು ತಂದ. ಹೆಣಿಗೆಯ ಬಿಗಿಯಿಂದಾಗಿ ಅಂಥ ಬತ್ತಿ ಉರಿಯುತ್ತಾ ಒಂದು ಪಕ್ಕಕ್ಕೆ ಬಾಗುತ್ತದೆ. ಬಾಗಿದ ತುದಿ ಜ್ವಾಲೆಯ ಹೊರಮೈಗೆ ಬರುತ್ತದೆ. ಅಲ್ಲಿ ಗಾಳಿಯ ಆಮ್ಲಜನಕ ಯಥೇಚ್ಛವಾಗಿ ಸಿಗುವುದರಿಂದ ಪೂರ್ತಿ ಸುಟ್ಟು ಬೂದಿಯಾಗಿ ಹೋಗುತ್ತದೆ. ಅಂದರೆ ಅದು ತನ್ನನ್ನು ತಾನೇ ಕತ್ತರಿಸಿಕೊಳ್ಳುತ್ತದೆ. ಹೊಸೆದ ಅರಳೆಗೆ ಈ ಗುಣ ಬರುವುದಿಲ್ಲ.

ಅತ್ತೆಯವರಿಗೆ ಹೀಗೆ ಹೇಳಬಹುದು: ಹತ್ತಿ ಅದೇ, ಹೆಣಿಗೆ ಬೇರೆ. ಯಾದಗಿರಿಯವರು ನೂಲನ್ನು ತೆಗೆದುಕೊಂಡು ಜಡೆಯಾಗಿ ಹೆಣೆದು ನೋಡಿದರೆ ನಮ್ಮ ಹತ್ತಿಯಿಂದಲೇ ಬತ್ತಿ ಮಾಡಲು ಅಡ್ಡಿಯಿಲ್ಲ. ಆದರೆ ಪ್ರತಿ ಸಲವೂ ಅದೇ ಬಿಗಿ, ಅದೇ ದಪ್ಪ ಬರಬೇಕು, ಇಲ್ಲವಾದರೆ ಪರೀಕ್ಷೆಗೆ ಅರ್ಥವಿರುವುದಿಲ್ಲ.

ಅರಳೆ ಅಂಗಡಿ, ಯಾದಗಿರಿ
ಸರ್, ಹೆಣೆಯುವುದನ್ನು ಈ ವಾರವೇ ಶುರುಮಾಡುತ್ತೇನೆ. ನಮ್ಮಲ್ಲಿ ಜಡೆ ಹೆಣೆಯುವ ಕೈಗಳಿಗೆ ಕೊರತೆಯಿಲ್ಲ.

ಸುಗಂಧಿ, ಕಲಬುರಗಿ
ಹತ್ತಿಯ ಬತ್ತಿಗಳಲ್ಲಿಯೇ ಹಲವು ಬಗೆ ಸಿಗುತ್ತವೆ. ಹತ್ತಿಯೊಂದಿಗೆ ಕಾಗದದ ಎಳೆಯನ್ನು ಸೇರಿಸಿ ಚಪ್ಪಟೆಯಾಗಿ ಹೆಣೆದ, ಸಿಡಿ (CD) ಮತ್ತು ಇಕೋ (ECO) ಎಂಬ ಹೆಸರಿನಲ್ಲಿ ಸಿಗುವ ಬತ್ತಿಗಳ ಸರಣಿಗಳು ಸೋಯಾ ಮೇಣಕ್ಕೆ ಹೆಚ್ಚು ಒಗ್ಗುತ್ತವೆ ಎಂಬುದು ನನ್ನ ಅನುಭವ. ಒಂದು ಎಚ್ಚರ ಅಗತ್ಯ: ಎರಡೂ ಸರಣಿಗಳ ಅಳತೆಯ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ. ಸಿಡಿ 10 ಎಂದರೆ ಇಕೋ 10 ಅಲ್ಲ. ಒಂದೇ ಪಾತ್ರೆಯಲ್ಲಿ ಎರಡು ಸರಣಿಯ ಬತ್ತಿಗಳನ್ನು ಬೆರೆಸಬೇಡಿ, ಆಗ ಯಾವುದು ಯಾಕೆ ಹಾಗೆ ಉರಿಯಿತು ಎಂಬುದು ತಿಳಿಯುವುದೇ ಇಲ್ಲ.

ಮಗುವಿನ ತಾಯಿ, ಹುಮನಾಬಾದ್
ನಡುವೆ ತಂತಿ ಇರುವ ಬತ್ತಿಗಳು ನೆಟ್ಟಗೆ ನಿಲ್ಲುತ್ತವೆ ಎನ್ನುತ್ತಾರೆ. ಅವುಗಳಲ್ಲಿ ಸೀಸ ಇರುತ್ತದೆ ಎಂದು ಕೇಳಿ ಭಯವಾಗಿದೆ. ಮನೆಯಲ್ಲಿ ಎರಡು ವರ್ಷದ ಮಗುವಿದೆ.

ಸುಗಂಧಿ, ಕಲಬುರಗಿ
ಅಕ್ಕಾ, ನಿಮ್ಮ ಭಯಕ್ಕೆ ಕಾರಣವಿತ್ತು. ಸೀಸದ ತಂತಿಯ ಬತ್ತಿಗಳನ್ನು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 2003ರಲ್ಲಿ ನಿಷೇಧಿಸಿತು. ಈಗ ತಂತಿ ಇರುವ ಬತ್ತಿಗಳಲ್ಲಿ ಸಾಮಾನ್ಯವಾಗಿ ಸತುವನ್ನು ಬಳಸುತ್ತಾರೆ. ಅನುಮಾನವಿದ್ದರೆ ತಂತಿಯನ್ನು ಬಿಳಿ ಕಾಗದದ ಮೇಲೆ ಉಜ್ಜಿ ನೋಡಿ. ಪೆನ್ಸಿಲಿನಂತೆ ಬೂದು ಗೆರೆ ಮೂಡಿದರೆ ಅದು ಸೀಸವಿರಬಹುದು, ಬಿಸಾಡಿಬಿಡಿ. ಈ ತೊಗರಿಕಾಯಿ ಪಾತ್ರೆಗೆ ತಂತಿಯ ಅಗತ್ಯವೇ ಇಲ್ಲ, ಆಳ ಏಳೇ ಸೆಂಟಿಮೀಟರ್ ಇರುವುದರಿಂದ ತಗಡಿನ ಬಿಲ್ಲೆಯ ಮೇಲೆ ಕೂರಿಸಿದ ಹೆಣಿಗೆಯ ಬತ್ತಿ ನೆಟ್ಟಗೆ ನಿಲ್ಲುತ್ತದೆ.

ಆಳಂದದ ಮಗಳು
ಮರದ ಬತ್ತಿಯ ಬಗ್ಗೆ ಏನು ಹೇಳುತ್ತೀರಿ? ಚಟಪಟ ಎಂಬ ಸದ್ದು ಬರುತ್ತದೆಯಲ್ಲ, ಚಳಿಗಾಲದ ಸಂಜೆಗೆ ಹಿತವಾಗಿರುತ್ತದೆ.

ಹಳೆಯ ಎರಕ, ಬೀದರ್
ಸದ್ದು ಹಿತವೇ. ಆದರೆ ಮರದ ಪಟ್ಟಿ ಅಗಲವಾಗಿ, ಅಡ್ಡಡ್ಡಲಾಗಿ ಉರಿಯುತ್ತದೆ. ದುಂಡು ಉಬ್ಬಿಗೆ ದುಂಡು ಮಡು ಬೇಕು. ತುದಿಯನ್ನು ತೀರಾ ಗಿಡ್ಡವಾಗಿ ಕತ್ತರಿಸದಿದ್ದರೆ ಹೊಗೆಯಾಡುತ್ತದೆ, ಕತ್ತರಿಸಿದರೆ ಕೆಲವೊಮ್ಮೆ ಹತ್ತಿಕೊಳ್ಳುವುದೇ ಇಲ್ಲ. ಐದನ್ನೂ ಒಂದೇ ಸಮನೆ ಉರಿಸುವುದು ಕಷ್ಟ. ನಾನಾಗಿದ್ದರೆ ಈ ಪಾತ್ರೆಗೆ ಹಾಕುವುದಿಲ್ಲ.

ಬಿದರಿ ಕೆಲಸದವ, ಬೀದರ್
ನನ್ನದೂ ಇದಕ್ಕೆ ಹತ್ತಿರದ ಸಮಸ್ಯೆ. ಗಿರಾಕಿಯೊಬ್ಬರು ಬಿದರಿಯ ದೊಡ್ಡ ಬಟ್ಟಲಿನಲ್ಲಿಯೂ, ಕಿರಿದಾದ ಕೊರಳಿನ ಸುರಾಯಿಯಲ್ಲಿಯೂ ನೇರವಾಗಿ ಮೇಣ ಹೊಯ್ದು ಬತ್ತಿ ಇಡಬೇಕು ಎನ್ನುತ್ತಿದ್ದಾರೆ. ನನಗೆ ಮನಸ್ಸಿಲ್ಲ. ನಮ್ಮದು ಸತುವಿಗೆ ಸ್ವಲ್ಪ ತಾಮ್ರ ಬೆರೆಸಿದ ಲೋಹ. ಬೆಳ್ಳಿಯ ತಂತಿ ಮತ್ತು ತಗಡನ್ನು ಕೆತ್ತಿದ ಗೆರೆಯೊಳಗೆ ಬಡಿದು ಕೂರಿಸುತ್ತೇವೆ, ಬೆಸುಗೆ ಹಾಕುವುದಿಲ್ಲ. ಆ ಕಪ್ಪು ಬರುವುದು ನಮ್ಮ ಕೋಟೆಯ ಮಣ್ಣು ಮತ್ತು ನವಸಾಗರದ ಪಾಕದಿಂದ. ಮೇಲೆ ಮೇಣ ಮೆತ್ತಿ, ಅದನ್ನು ಬಿಸಿ ನೀರಿನಿಂದ ತೊಳೆದು ಕೆರೆದರೆ ಕೆಲಸ ಹಾಳಾಗುತ್ತದೆ ಎಂಬುದು ನನ್ನ ಅಂಜಿಕೆ.

ಭೌತಶಾಸ್ತ್ರದ ಮೇಷ್ಟ್ರು, ಸೇಡಂ
ನಿಮ್ಮ ಅಂಜಿಕೆ ಸರಿಯಾದದ್ದು. ಸತು 419 ಡಿಗ್ರಿಯ ಆಸುಪಾಸಿನಲ್ಲಿ ಕರಗುತ್ತದೆ, ಮೇಣದ ಮಡು ಅಷ್ಟು ಕಾಯುವುದಿಲ್ಲ, ಆದ್ದರಿಂದ ಬಟ್ಟಲು ಕರಗುವ ಭಯವಿಲ್ಲ. ಆದರೆ ಕಾದಾಗ ಸತು ಬೆಳ್ಳಿಗಿಂತ ಹೆಚ್ಚು ಹಿಗ್ಗುತ್ತದೆ. ಬಡಿದು ಕೂರಿಸಿದ ಬೆಳ್ಳಿಯನ್ನು ಹೀಗೆ ಮತ್ತೆ ಮತ್ತೆ ಕಾಯಿಸಿ ತಣಿಸುವುದು ಒಳ್ಳೆಯದಲ್ಲ. ಬತ್ತಿಯ ದೃಷ್ಟಿಯಿಂದಲೂ ಲೋಹ ಬೇರೆಯೇ ಲೆಕ್ಕ: ಗಾಜು ಮತ್ತು ಪಿಂಗಾಣಿ ಶಾಖವನ್ನು ಬಿಟ್ಟುಕೊಡಲು ತಡಮಾಡುತ್ತವೆ, ಲೋಹ ತಕ್ಷಣ ಗೋಡೆಯುದ್ದಕ್ಕೂ ಹರಡುತ್ತದೆ. ಗಾಜಿನಲ್ಲಿ ಪರೀಕ್ಷಿಸಿದ ಬತ್ತಿಯನ್ನು ಅದೇ ಅಗಲದ ಲೋಹದ ಬಟ್ಟಲಿಗೆ ಹಾಕಿ ಅದೇ ಫಲವನ್ನು ನಿರೀಕ್ಷಿಸಲಾಗದು. ಬಟ್ಟಲೊಳಗೆ ಗಾಜಿನ ಲೋಟವನ್ನಿಟ್ಟು ಕೊಡಿ.

ಸುರಾಯಿಗೆ ಮಾತ್ರ ಖಂಡಿತ ಬೇಡ ಎನ್ನಿ. ಕೊರಳು ಕಿರಿದಾದರೆ ಗಾಳಿ ಒಳಗೆ ಇಳಿಯುವುದಿಲ್ಲ, ಹೊಗೆ ಹೊರಗೆ ಬರುವುದಿಲ್ಲ, ಇರುವ ಶಾಖವೆಲ್ಲ ಕೊರಳಿಗೇ ಬಡಿಯುತ್ತದೆ. ಅದಕ್ಕೆ ಸರಿಯಾದ ಬತ್ತಿ ಎಂಬುದೇ ಇಲ್ಲ.

ಬಿದರಿ ಕೆಲಸದವ, ಬೀದರ್
ಗಿರಾಕಿಗೆ ಇದನ್ನೇ ಓದಿ ಹೇಳುತ್ತೇನೆ. ಉಪಕಾರವಾಯಿತು.

ದೀಪದಮನೆ, ಕಲಬುರಗಿ
ನೀರಿನ ಪರೀಕ್ಷೆ ಮುಗಿಯಿತು, ಕಾಗದ ಒಣಗಿಯೇ ಇತ್ತು. ಒಂದೂವರೆ ಸೆಂಟಿಮೀಟರ್ ಬಿಟ್ಟು ಅಳೆದರೆ 1,600 ಮಿಲಿಲೀಟರ್, ಅಂದರೆ 1,440 ಗ್ರಾಂ ಮೇಣ. ಈಗ ಇರುವ ಚಿಂತೆ ಖರ್ಚಿನದು. ಐದು ಉಬ್ಬಿಗೆ ಮೂರು ಮೂರು ಅಳತೆಯ ಬತ್ತಿಗಳನ್ನು ಪರೀಕ್ಷಿಸಬೇಕೆಂದರೆ ಪ್ರತಿ ಸಲವೂ ಒಂದೂವರೆ ಕಿಲೋ ಮೇಣವನ್ನು ಕರಗಿಸಿ ಹೊಯ್ಯಬೇಕೇ?

ಹಳೆಯ ಎರಕ, ಬೀದರ್
ಬೇಡ. ಬತ್ತಿಯನ್ನೇ ಇಡದೆ ಒಮ್ಮೆ ಎರಕ ಹೊಯ್ದು ಒಂದೆರಡು ದಿನ ಗಟ್ಟಿಯಾಗಲು ಬಿಡಿ. ಆಮೇಲೆ ಬಿಸಿ ಮಾಡಿದ ತೆಳು ಸಲಾಕೆಯಿಂದ ಒಂದೊಂದು ಉಬ್ಬಿನ ನಡುವೆ ತಳದವರೆಗೆ ತೂತು ಮಾಡಿ, ಮೇಣದಲ್ಲಿ ಅದ್ದಿ ಬಿರುಸಾಗಿಸಿದ ಬತ್ತಿಯನ್ನು ಇಳಿಸಿ. ಹಚ್ಚಿ, ನೋಡಿ, ಬರೆದಿಟ್ಟುಕೊಳ್ಳಿ. ಒಪ್ಪದಿದ್ದರೆ ಬೆಚ್ಚಗಿರುವಾಗಲೇ ಬತ್ತಿಯನ್ನು ಎಳೆದು ತೆಗೆದು, ಮೇಣ ಗಟ್ಟಿಯಾದ ಮೇಲೆ ಬೇರೆ ಅಳತೆಯದನ್ನು ಹಾಕಿ. ಒಂದೇ ಎರಕದಲ್ಲಿ ನಾಲ್ಕಾರು ಪರೀಕ್ಷೆಗಳು ಮುಗಿಯುತ್ತವೆ. ಪರೀಕ್ಷೆಯನ್ನು ಒಂದು ಉಬ್ಬಿನಿಂದ ಶುರುಮಾಡಿ, ಕೊನೆಗೆ ಐದನ್ನೂ ಒಟ್ಟಿಗೆ ಹಚ್ಚಿ. ಒಂಟಿಯಾಗಿ ಮಂದವಾಗಿ ಉರಿದ ಬತ್ತಿ ಐದರ ಸಾಲಿನಲ್ಲಿ ಸರಿಯಾಗಿ ಉರಿಯುವುದನ್ನು ನೋಡುತ್ತೀರಿ.

ಪ್ರತಿ ಸಲವೂ ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ. ನಾಲ್ಕು ಗಂಟೆಗಿಂತ ಹೆಚ್ಚು ಒಂದೇ ಸಲಕ್ಕೆ ಉರಿಸಬೇಡಿ. ಆ ಹೊತ್ತಿಗೆ ಮಡುವಿನ ಆಳ ಒಂದು ಸೆಂಟಿಮೀಟರಿನ ಆಸುಪಾಸು ಇದ್ದು, ಮಡುಗಳು ಒಂದಕ್ಕೊಂದು ಕೂಡಿಕೊಂಡು, ಜ್ವಾಲೆಗಳು ಮಾತ್ರ ಕೂಡಿಕೊಳ್ಳದೆ ಬೇರೆ ಬೇರೆಯಾಗಿ ನಿಂತಿದ್ದರೆ ನೀವು ಗೆದ್ದಿರಿ. ಹಚ್ಚುವ ಮೊದಲು ಮತ್ತು ಆರಿಸಿದ ಮೇಲೆ ತೂಕ ಹಾಕಿ. ನನ್ನ ಬತ್ತಿಗಳು ಗಂಟೆಗೆ ತಲಾ 6–7 ಗ್ರಾಂ ಮೇಣವನ್ನು ಉರಿಸುತ್ತವೆ, ಅದಕ್ಕಿಂತ ಬಹಳ ಹೆಚ್ಚಾದರೆ ಬತ್ತಿ ದೊಡ್ಡದಾಯಿತು ಎಂದರ್ಥ.

ಸುಗಂಧಿ, ಕಲಬುರಗಿ
ಪರೀಕ್ಷೆಯ ಎರಕದಲ್ಲಿಯೂ ಸುಗಂಧವನ್ನು ಹಾಕಿಯೇ ಪರೀಕ್ಷಿಸಿ. ಬರಿ ಮೇಣದಲ್ಲಿ ಚೆನ್ನಾಗಿ ಉರಿದ ಬತ್ತಿ ಸುಗಂಧ ತೈಲ ಸೇರಿದ ಕೂಡಲೇ ಮಂಕಾಗುವುದನ್ನು ನಾನು ಬಹಳ ಸಲ ಕಂಡಿದ್ದೇನೆ. ನಾನು 6ರಿಂದ 8 ಪ್ರತಿಶತ ಮಾತ್ರ ಹಾಕುತ್ತೇನೆ.

ಅತ್ತರು ಪ್ರಿಯ, ಕಲಬುರಗಿ
ದರ್ಗಾದ ಬೀದಿಯಲ್ಲಿ ಸಿಗುವ ಗುಲಾಬಿ ಅತ್ತರನ್ನು ಹಾಕಬಹುದೇ? ಉರುಸಿನ ದಿನಗಳ ಪರಿಮಳವೇ ಮನೆ ತುಂಬುತ್ತದೆ.

ಸುಗಂಧಿ, ಕಲಬುರಗಿ
ಭಾಯಿ, ಆ ಪರಿಮಳ ನನಗೂ ಪ್ರಿಯ. ಆದರೆ ಅತ್ತರು ಮೈಗೆ ಹಚ್ಚಿಕೊಳ್ಳಲು ಮಾಡಿದ್ದು. ಅದರಲ್ಲಿ ಬೆರೆಸಿದ ಆಧಾರ ದ್ರವ ಮೇಣದೊಂದಿಗೆ ಬೆರೆಯದೆ ತಳದಲ್ಲಿ ಬೇರೆಯಾಗಿ ನಿಂತರೆ, ಬತ್ತಿ ಅದನ್ನು ಹೀರಿ ಚಿಟಿಲ್ಲೆನ್ನುತ್ತದೆ ಅಥವಾ ಆರುತ್ತದೆ. ಸಣ್ಣ ಲೋಟದಲ್ಲಿ ನೋಡದೆ ದೊಡ್ಡದಕ್ಕೆ ಹಾಕಬೇಡಿ. ಬಣ್ಣಕ್ಕೆಂದು ಮಕ್ಕಳ ಕ್ರೇಯಾನ್ ಕರಗಿಸುವವರೂ ಇದ್ದಾರೆ. ಅದರ ಪುಡಿಬಣ್ಣ ಕರಗುವುದಿಲ್ಲ, ಬತ್ತಿಯ ಎಳೆಗಳ ನಡುವೆ ಸಿಕ್ಕಿಕೊಂಡು ಮೇಣ ಏರುವ ದಾರಿಯನ್ನೇ ಕಟ್ಟುತ್ತದೆ.

ಶಹಾಬಾದಿನವ
ನಮ್ಮ ಬಿಸಿಲನ್ನು ಮರೆತು ಮಾತನಾಡುತ್ತಿದ್ದೇವೆ. ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಸಾಮಾನ್ಯ. ಪಾತ್ರೆಗೆ ಹೊಯ್ಯುವ ಸೋಯಾ ಮೇಣ 50 ಡಿಗ್ರಿಯ ಆಚೀಚೆ ಕರಗುತ್ತದೆ. ಮೇಣ ಅರ್ಧ ಮೆತ್ತಗಾಗಿರುವಾಗ ಬತ್ತಿಗೆ ಕೆಲಸವೇ ಕಡಿಮೆ. ಡಿಸೆಂಬರಿನಲ್ಲಿ ಸರಿಯಾಗಿದ್ದ ಬತ್ತಿ ಏಪ್ರಿಲಿನಲ್ಲಿ ಹೆಚ್ಚಾಗುತ್ತದೆ. ಬೇಸಿಗೆಯಲ್ಲಿ ಫ್ಯಾನು ನಿಲ್ಲಿಸಿ ಯಾರೂ ಕೂರುವುದೂ ಇಲ್ಲ. ಫ್ಯಾನಿನ ಗಾಳಿಗೆ ಜ್ವಾಲೆ ವಾಲಿದರೆ ಒಂದು ಪಕ್ಕ ಕರಗಿ ಇನ್ನೊಂದು ಪಕ್ಕ ಗಟ್ಟಿಯಾಗಿಯೇ ಉಳಿಯುತ್ತದೆ, ಅದಕ್ಕೆ ಬತ್ತಿಯನ್ನು ದೂರಿ ಫಲವಿಲ್ಲ. ಐದು ಜ್ವಾಲೆಗಳ ಸಾಲಿಗೆ ಉದ್ದುದ್ದವಾಗಿ ಗಾಳಿ ಹೊಡೆದರೆ ಒಂದು ಜ್ವಾಲೆ ಮುಂದಿನದರ ಮೇಲೆ ಬಾಗುತ್ತದೆ. ಪರೀಕ್ಷೆಯನ್ನು ಗಾಳಿಯಿಲ್ಲದ ಕೋಣೆಯಲ್ಲಿ ಮಾಡಿ. ಕೆಳಗೆ ಒಂದು ಶಹಾಬಾದ್ ಕಲ್ಲಿನ ತುಂಡನ್ನಿಡಿ, ಮೇಜು ಸುಡುವುದು ತಪ್ಪುತ್ತದೆ.

ಮಗುವಿನ ತಾಯಿ, ಹುಮನಾಬಾದ್
ಮತ್ತು ಉರಿಯುವಾಗ ಪಾತ್ರೆಯನ್ನು ಎತ್ತಬೇಡಿ, ಆರಿಸಲು ನೀರು ಚಿಮುಕಿಸಲೇಬೇಡಿ. ಬಿಸಿ ಮೇಣಕ್ಕೆ ನೀರು ಬಿದ್ದರೆ ಸಿಡಿಯುತ್ತದೆ. ದೊಡ್ಡ ಸ್ಟೀಲ್ ತಾಟು ಹತ್ತಿರವಿರಲಿ.

ದೀಪದಮನೆ, ಕಲಬುರಗಿ
ಮೂರು ವಾರ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಆತುರಪಡದೆ ಪರೀಕ್ಷಿಸಬೇಕೆಂದುಕೊಂಡಿದ್ದೆ. ಹಿರಿಯರು ಹೇಳಿದಂತೆ ಬತ್ತಿಯಿಲ್ಲದೆ ಎರಕ ಹೊಯ್ದು, ಸಲಾಕೆಯಿಂದ ತೂತು ಮಾಡಿ, ಒಟ್ಟು ಏಳು ಸಲ ಹಚ್ಚಿ ನೋಡಿದೆ. ನಡುವಿನ ಉಬ್ಬಿಗೆ ಎರಡು ಸಣ್ಣ ಬತ್ತಿಗಳನ್ನು ಜೋಡಿಯಾಗಿ ಇಟ್ಟಾಗ ಅವುಗಳ ಜ್ವಾಲೆಗಳು ಕೂಡಿಕೊಂಡು ಎತ್ತರಕ್ಕೆ ಎದ್ದವು, ತಕ್ಷಣ ಆರಿಸಿದೆ. ಲೋಟದ ಬತ್ತಿಗಿಂತ ಒಂದು ಅಳತೆ ಮೇಲಿನ ಒಂದೇ ಬತ್ತಿಯನ್ನು ಅಲ್ಲಿಟ್ಟೆ. ಮೊದಲ ದಿನ ನಾಲ್ಕು ಗಂಟೆಯ ಮೇಲೂ ಅಂಚಿನಲ್ಲಿ ಅರ್ಧ ಸೆಂಟಿಮೀಟರ್ ಮೇಣ ಉಳಿಯಿತು, ಎರಡನೆಯ ದಿನ ಗುರುಗಳು ಹೇಳಿದಂತೆ ತಾನೇ ಜಾರಿ ಕರಗಿತು. ಆಚೀಚಿನ ಎರಡು ಉಬ್ಬುಗಳಿಗೆ ಲೋಟದ ಬತ್ತಿಗಿಂತ ಒಂದು ಅಳತೆ ಕಡಿಮೆ, ತುದಿಯ ಉಬ್ಬುಗಳಿಗೆ ಎರಡು ಅಳತೆ ಕಡಿಮೆ. ಐದೂ ಒಟ್ಟಿಗೆ ಉರಿದಾಗ ನಾಲ್ಕು ಗಂಟೆಗೆ 118 ಗ್ರಾಂ ಖರ್ಚಾಯಿತು. ಮಸಿ ಇಲ್ಲ, ಕಿಟ್ಟ ಇಲ್ಲ. ಕತ್ತಲಲ್ಲಿ ಐದು ಕಾಳುಗಳೂ ಬೆಳಗಿದಾಗ ತಮ್ಮ ಮಾತಾಡದೆ ಬಹಳ ಹೊತ್ತು ನೋಡುತ್ತಾ ಕುಳಿತಿದ್ದ. ಅತ್ತೆಯವರು ಹೆಣೆದ ಬತ್ತಿಯನ್ನು ಕೈಯಲ್ಲಿ ಹಿಡಿದು ಬಿಚ್ಚಿ ನೋಡಿ, ಇದನ್ನು ತಾವೇ ಹೆಣೆಯಬಲ್ಲೆವು ಎಂದಿದ್ದಾರೆ.

ಒಂದೇ ಕೊರತೆ ಉಳಿದಿದೆ. ಎರಡೂ ತುದಿಗಳ ಚೂಪಿನಲ್ಲಿ ಹೆಬ್ಬೆರಳಿನಷ್ಟು ಮೇಣ ಕರಗುತ್ತಿಲ್ಲ.

ಭೌತಶಾಸ್ತ್ರದ ಮೇಷ್ಟ್ರು, ಸೇಡಂ
ತುದಿಯ ಬತ್ತಿಯನ್ನು ದಪ್ಪ ಮಾಡಬೇಡಿ. ಬತ್ತಿ ಈಗ ಚೂಪಿನಿಂದ ಎಷ್ಟು ದೂರದಲ್ಲಿದೆ?

ದೀಪದಮನೆ, ಕಲಬುರಗಿ
ಐದು ಸೆಂಟಿಮೀಟರ್, ಗುರುಗಳೇ. ಪಕ್ಕದ ಗೋಡೆಗಳಿಗೆ ಮೂರೂಮುಕ್ಕಾಲು.

ಭೌತಶಾಸ್ತ್ರದ ಮೇಷ್ಟ್ರು, ಸೇಡಂ
ಹಾಗಾದರೆ ಅರ್ಧ ಸೆಂಟಿಮೀಟರ್ ಮಾತ್ರ ಚೂಪಿನ ಕಡೆಗೆ ಸರಿಸಿ, ಅದಕ್ಕಿಂತ ಹೆಚ್ಚು ಬೇಡ. ಪಕ್ಕದ ಗೋಡೆ ಎಲ್ಲಿಯೂ ಮೂರಕ್ಕಿಂತ ಹತ್ತಿರ ಬರಬಾರದು. ಒಂದು ತುದಿಯನ್ನು ಮಾತ್ರ ಬದಲಿಸಿ, ಇನ್ನೊಂದನ್ನು ಇದ್ದ ಹಾಗೆಯೇ ಬಿಟ್ಟು ಹೋಲಿಸಿ.

ಅರಳೆ ಅಂಗಡಿ, ಯಾದಗಿರಿ
ಅಕ್ಕಾವರೇ, ಅತ್ತೆಯವರು ಹೆಣೆಯುವುದಾದರೆ ನೂಲನ್ನು ನಾನು ಕಳಿಸುತ್ತೇನೆ. ನನ್ನ ಮೊದಲ ಹೆಣಿಗೆ ನೆಟ್ಟಗೆ ನಿಂತಿತು, ಆದರೆ ಒಂದು ಮೊಳದಲ್ಲಿಯೇ ಬಿಗಿ ಮೂರು ಕಡೆ ಬದಲಾಗಿದೆ.

ದೀಪದಮನೆ, ಕಲಬುರಗಿ
ಕಳಿಸಿ ಅಣ್ಣಾವರೇ, ಅತ್ತೆಯವರು ಕಾಯುತ್ತಿದ್ದಾರೆ. ಎಡತುದಿಯ ಬತ್ತಿಯನ್ನು ಇವತ್ತೇ ಸರಿಸಿದ್ದೇನೆ, ಮೇಣ ಗಟ್ಟಿಯಾಗಲು ಎರಡು ದಿನ ಬಿಟ್ಟು ಭಾನುವಾರ ಸಂಜೆ ಹಚ್ಚುತ್ತೇನೆ.